ಪಚ್ಚಿಲೆ ಯಾವ ನೀರಿನದು?

ಕುಂದಾಪುರ, ಉಡುಪಿ, ಮಂಗಳೂರು ಕಡೆಯವರಿಗೆ ಅದು ಪಚ್ಚಿಲೆ. ಉತ್ತರ ಕನ್ನಡದ ಗೆಳೆಯರು ನೀಲಿಕಲ್ಲು ಎನ್ನುತ್ತಾರೆ. ಗೋವಾದಲ್ಲಿ ಶಿಣಾಣೆ. ಕಲ್ಲಿಕೋಟೆ, ತಲಶ್ಶೇರಿ, ಕಣ್ಣೂರು ಕಡೆ ಕಲ್ಲುಮ್ಮಕ್ಕಾಯ ಅಥವಾ ಕಡುಕ್ಕ. ಹೈದರಾಬಾದು, ದೆಹಲಿಯ ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ಮಾತ್ರ ಎಲ್ಲ ಊರಿನ ಹೆಸರೂ ಬಿಟ್ಟು 'ಮಸಲ್ಸ್' ಎಂಬ ಚೀಟಿ ಅಂಟಿಸಿಕೊಂಡು ಕೂತಿರುತ್ತದೆ. ಈ ತಿಂಗಳ ಅಂಕಣ ಆ ಚಿಪ್ಪಿನ ಬಗ್ಗೆ. ಸಸ್ಯಾಹಾರಿ ಓದುಗರು ಪುಟ ತಿರುಗಿಸಬೇಡಿ. ನಮ್ಮ ಮನೆಯಲ್ಲಿ ಈ ವಿಷಯದ ಅತಿ ಮುಖ್ಯ ಪ್ರಶ್ನೆ ಕೇಳಿದ್ದು ಜನ್ಮದಲ್ಲಿ ಮೀನು ಮುಟ್ಟದ ನನ್ನ ಹೆಂಡತಿ.

ಮೊದಲು ಗೊಂದಲ ಬಿಡಿಸೋಣ. ಮುಂಬೈಯಲ್ಲಿ ಎರಡು ಚಿಪ್ಪಿನದ್ದೆಲ್ಲವನ್ನೂ 'ತಿಸ್ರ್ಯಾ' ಎಂದುಬಿಡುವವರಿದ್ದಾರೆ. ತಿಸ್ರ್ಯಾ ಎಂದರೆ ನಮ್ಮ ಮರುವಾಯಿ, ಕಾರವಾರದ ಕಡೆಯ ಬಳಚು. ಅದು ಮರಳಿನಲ್ಲೋ ಕೆಸರಿನಲ್ಲೋ ಹೂತುಕೊಂಡು ಬದುಕುತ್ತದೆ. ಕಲ್ವ ತನ್ನ ಒಂದು ಚಿಪ್ಪನ್ನೇ ಬಂಡೆಗೆ ಸಿಮೆಂಟಿನಂತೆ ಅಂಟಿಸಿಕೊಂಡು ಜೀವಮಾನವೆಲ್ಲ ಅಲ್ಲೇ ಇರುತ್ತದೆ. ಪಚ್ಚಿಲೆಯದು ನಡುವಿನ ದಾರಿ. ಅದು ತನ್ನ ಪಾದದಿಂದ ರೇಷ್ಮೆಯಂಥ ನಾರು ಹೊರಡಿಸಿ ಕಲ್ಲಿಗೆ ಕಟ್ಟಿಕೊಳ್ಳುತ್ತದೆ. ಬೇಕೆನಿಸಿದರೆ ನಾರು ಬಿಟ್ಟು ಸ್ವಲ್ಪ ಸರಿದು, ಹೊಸ ನಾರು ಹಾಕಿ ಮತ್ತೆ ಕಟ್ಟಿಕೊಳ್ಳುತ್ತದೆ. ಅಡುಗೆಗೆ ಮುಂಚೆ ನಾವು 'ಗಡ್ಡ' ಎಂದು ಕಿತ್ತೆಸೆಯುವುದು ಇದೇ ನಾರನ್ನು.

ಆ ಗಡ್ಡದ ಮೇಲೆ ದೊಡ್ಡ ಸಂಶೋಧನೆಯೇ ನಡೆದಿದೆ. ಒದ್ದೆ ಗೋಡೆಗೆ ಸ್ಟಿಕರ್ ಹಚ್ಚಲು ನಮಗೆ ಆಗುವುದಿಲ್ಲ. ಈ ಪ್ರಾಣಿ ಅಲೆ ಹೊಡೆಯುವ ಬಂಡೆಗೆ, ಉಪ್ಪು ನೀರಿನ ಒಳಗೇ, ಕೆಲವೇ ನಿಮಿಷದಲ್ಲಿ ಅಂಟಿಕೊಳ್ಳುತ್ತದೆ. ಅಮೆರಿಕದ ವಿಜ್ಞಾನಿ ಹರ್ಬರ್ಟ್ ವೇಯ್ಟ್ 1980ರ ದಶಕದ ಆರಂಭದಲ್ಲಿ ಈ ಅಂಟಿನ ಪ್ರೋಟೀನಿನಲ್ಲಿ ಡೋಪಾ ಎಂಬ ಅಂಶ ವಿಪರೀತ ಇರುವುದನ್ನು ತೋರಿಸಿದರು. ಅಲ್ಲಿಂದ ಮುಂದೆ ಗಾಯಕ್ಕೆ ಹೊಲಿಗೆಯ ಬದಲು ಬಳಸಬಹುದಾದ ಅಂಟಿನವರೆಗೆ ಪ್ರಯೋಗಗಳು ಬೆಳೆದಿವೆ. ಚೆನ್ನೈ ಓದುಗರಿಗೆ ಇನ್ನೊಂದು ಮುಖ ಗೊತ್ತಿರಬಹುದು. ಕಲ್ಪಾಕ್ಕಂ ಅಣು ವಿದ್ಯುತ್ ಸ್ಥಾವರಕ್ಕೆ ಸಮುದ್ರದ ನೀರು ತರುವ ಸುರಂಗದೊಳಗೆ ಇದೇ ಹಸಿರು ಪಚ್ಚಿಲೆ ಅಂಟಿ ಬೆಳೆಯುತ್ತದೆ. ಅದನ್ನು ತಡೆಯಲು ನೀರಿಗೆ ಕ್ಲೋರಿನ್ ಬಿಡಬೇಕಾಗುತ್ತದೆ.

ನಮ್ಮ ದೇಶದಲ್ಲಿ ತಿನ್ನುವ ಪಚ್ಚಿಲೆ ಮುಖ್ಯವಾಗಿ ಎರಡು ಬಗೆ. ಹಸಿರು ಅಂಚಿನ ಪೆರ್ನಾ ವಿರಿಡಿಸ್ ಎರಡೂ ಕರಾವಳಿಯಲ್ಲಿ ಸಿಗುತ್ತದೆ. ನಮ್ಮೂರಿನದು ಇದೇ. ಕಂದು ಬಣ್ಣದ ಪೆರ್ನಾ ಇಂಡಿಕಾ ದಕ್ಷಿಣ ಕೇರಳದಿಂದ ಕನ್ಯಾಕುಮಾರಿಯವರೆಗಿನ ಬಂಡೆಗಳದ್ದು. ಬಂಡೆಯಿಂದ ಕೀಳುವುದು ಸುಲಭದ ಕೆಲಸವಲ್ಲ. ಇಳಿತದ ಹೊತ್ತಿಗೆ ಹೊರಡಬೇಕು, ಅಲೆಯ ನಡುವೆ ಮುಳುಗಬೇಕು, ಕೈಯಲ್ಲಿ ಕಬ್ಬಿಣದ ಉಳಿ ಇರಬೇಕು. ಕೈ ಜಾರಿದರೆ ಚಿಪ್ಪಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ನಮ್ಮೂರ ಕಡಲ ಬದಿಯಲ್ಲಿ ಪಚ್ಚಿಲೆ ಕೀಳುವವರ ಅಂಗೈ ನೋಡಿದರೆ ಕಸುಬು ಗೊತ್ತಾಗುತ್ತಿತ್ತು.

ಈಗ ನನ್ನ ಕಥೆಗೆ ಬರುತ್ತೇನೆ. ಹೋದ ವರ್ಷ ಆಫೀಸಿನ ವಾರ್ಷಿಕ ತಪಾಸಣೆಯಲ್ಲಿ ನನ್ನ ಬಿ12 ಕೆಳಗೆ ಬಿದ್ದಿತ್ತು. ನಮ್ಮ ತಂಡದಲ್ಲಿ ಅರ್ಧ ಜನರದ್ದೂ ಹಾಗೇ ಬಂದಿತ್ತು, ಆ ಮಾತು ಬೇರೆ. ಡಾಕ್ಟರು ಮಾತ್ರೆ ಬರೆದುಕೊಟ್ಟರು, ನುಂಗಿದೆ, ಈಗ ಸರಿ ಇದೆ. ಆದರೆ ಆ ನೆಪದಲ್ಲಿ ಯಾವ ಆಹಾರದಲ್ಲಿ ಏನಿದೆ ಎಂದು ಓದುತ್ತ ಹೋದೆ. ಯುರೋಪ್-ಅಮೆರಿಕದಲ್ಲಿ ತಿನ್ನುವ ನೀಲಿ ಜಾತಿಯ ಲೆಕ್ಕ ಹೀಗಿದೆ: 100 ಗ್ರಾಂ ಹಸಿ ತಿರುಳಿನಲ್ಲಿ ಸುಮಾರು 12 ಗ್ರಾಂ ಪ್ರೋಟೀನ್, ಸುಮಾರು 4 ಮಿಲಿಗ್ರಾಂ ಕಬ್ಬಿಣ, ಸುಮಾರು 12 ಮೈಕ್ರೋಗ್ರಾಂ ಬಿ12. ದೊಡ್ಡವರಿಗೆ ದಿನಕ್ಕೆ ಬೇಕಾದ ಬಿ12 ಎರಡು-ಎರಡೂವರೆ ಮೈಕ್ರೋಗ್ರಾಂ. ಕ್ಯಾಲೊರಿ ನೋಡಿದರೆ ತೊಂಬತ್ತರೊಳಗೆ. ಜಾತಿ ಬೇರೆಯಾದರೆ ಅಂಕಿ ಸ್ವಲ್ಪ ಆಚೀಚೆ ಆದೀತು. ಆದರೂ ಊರಿನಲ್ಲಿ ಮೀನಿಗೆ ಕಾಸಿಲ್ಲದ ದಿನ ಬಂಡೆಯಿಂದ ಕಿತ್ತು ತಂದು ಬೇಯಿಸುತ್ತಿದ್ದ ವಸ್ತು ಇಷ್ಟು ಗಟ್ಟಿ ಆಹಾರ ಎಂದು ಓದಿ ಖುಷಿಯಾಯಿತು.

ಖುಷಿಯಲ್ಲಿ ಭಾನುವಾರ ನವಿ ಮುಂಬೈಯ ಮಾರುಕಟ್ಟೆಗೆ ಹೋಗಿ ಒಂದು ಕಿಲೋ ತಂದೆ. ಎಂಟು ವರ್ಷದ ಮಗಳು ಸಿಂಕಿನ ಪಕ್ಕ ಸ್ಟೂಲು ಹಾಕಿಕೊಂಡು ನಿಂತು, ಹಸಿರು ಚಿಪ್ಪು ತಿಕ್ಕಿ ತೊಳೆಯಲು ಸಹಾಯ ಮಾಡಿದಳು. ತನಗೂ ಬೇಕು ಎಂದಳು. ಆಗ ಹುಬ್ಬಳ್ಳಿ ಕಡೆಯ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: "ನೀವು ತಿನ್ರಿ, ನಾ ಏನೂ ಅನ್ನಂಗಿಲ್ಲ. ಆದ್ರ ಇದು ಯಾವ ನೀರಿಂದು ಅಂತ ಗೊತ್ತಿಲ್ಲದ ಮಗೂಗ ಹ್ಯಾಂಗ ತಿನಸ್ತೀರಿ?"

ಇದು ಮೀನು ತಿನ್ನದವರ ಹೇಸಿಗೆಯ ಮಾತಲ್ಲ. ಪಚ್ಚಿಲೆಯ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆಯೇ ಇದು. ಬಂಗುಡೆ ಈಜುತ್ತದೆ, ಭೂತಾಯಿ ಗುಂಪು ಕಟ್ಟಿ ಓಡುತ್ತದೆ. ಪಚ್ಚಿಲೆ ಕೂತಲ್ಲೇ ಕೂತು ನೀರನ್ನು ಒಳಗೆ ಎಳೆದು, ಕಿವಿರಿನಲ್ಲಿ ಸೋಸಿ, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ತಿಂದು, ನೀರನ್ನು ಹೊರಗೆ ಬಿಡುತ್ತದೆ. ಚೆನ್ನಾಗಿ ಬೆಳೆದ ಒಂದೇ ಒಂದು ಚಿಪ್ಪು ಗಂಟೆಗೆ ಲೀಟರುಗಟ್ಟಲೆ ನೀರು ಸೋಸಬಲ್ಲದು. ನೀರಿನಲ್ಲಿ ಪಾಚಿ ಇದ್ದರೆ ಪಾಚಿ, ಕೊಳಚೆಯ ಬ್ಯಾಕ್ಟೀರಿಯಾ ಇದ್ದರೆ ಅದು, ಸೀಸ-ಕ್ಯಾಡ್ಮಿಯಂ ಇದ್ದರೆ ಅವೂ ಅದರ ಮೈಯಲ್ಲಿ ಸೇರುತ್ತವೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಪಚ್ಚಿಲೆ ಆ ನೀರಿನ ಲಾಗ್ ಫೈಲು. ಕಳೆದ ಕೆಲವು ವಾರ ಅಲ್ಲಿ ಏನೇನು ಹರಿದುಹೋಯಿತು ಎಂಬುದು ಅದರಲ್ಲಿ ಬರೆದಿರುತ್ತದೆ. ವಿಜ್ಞಾನಿಗಳು ಇದನ್ನು ಹಾಗೆಯೇ ಬಳಸುತ್ತಾರೆ. 1975ರಲ್ಲಿ ಎಡ್ವರ್ಡ್ ಗೋಲ್ಡ್‌ಬರ್ಗ್ ಎಂಬ ಸಮುದ್ರ ರಸಾಯನಶಾಸ್ತ್ರಜ್ಞ 'ಮಸಲ್ ವಾಚ್' ಎಂಬ ಯೋಜನೆಯನ್ನು ಮುಂದಿಟ್ಟರು. ಅಮೆರಿಕದಲ್ಲಿ 1986ರಿಂದ ಕರಾವಳಿಯುದ್ದಕ್ಕೂ ಚಿಪ್ಪುಗಳನ್ನು ಹೆಕ್ಕಿ, ಅರೆದು, ಅವುಗಳಲ್ಲಿ ಸೇರಿರುವ ಮಾಲಿನ್ಯ ಅಳೆಯುವ ಕೆಲಸ ನಡೆದಿದೆ.

ಇಷ್ಟರಲ್ಲಿ ನಿಂತಿದ್ದರೆ ಚೆನ್ನಾಗಿ ಬೇಯಿಸಿದರಾಯಿತು ಎನ್ನಬಹುದಿತ್ತು. ಬ್ಯಾಕ್ಟೀರಿಯಾ, ವೈರಸ್‌ಗಳಿಗೆ ಅದು ಸರಿಯಾದ ಉತ್ತರ. ತಿರುಳಿನ ಒಳಗೆ 90 ಡಿಗ್ರಿ ಶಾಖ ಒಂದೂವರೆ ನಿಮಿಷ ಸಿಕ್ಕರೆ ವೈರಸ್ ಕೂಡ ಉಳಿಯುವುದು ಕಷ್ಟ. ನಮ್ಮ ಸುಕ್ಕ, ಪುಳಿಮುಂಚಿಗಳು ಆ ಲೆಕ್ಕದಲ್ಲಿ ಪಾಸು. ಆದರೆ ಬೇಯಿಸಿದರೂ ಹೋಗದ ಇನ್ನೊಂದಿದೆ.

ಸಮುದ್ರದ ಕೆಲವು ಸೂಕ್ಷ್ಮ ಪಾಚಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ತಯಾರಿಸುತ್ತವೆ. ಅಂಥ ಪಾಚಿ ಒಮ್ಮೆಲೇ ಹೆಚ್ಚಿದಾಗ ಪಚ್ಚಿಲೆ ಅದನ್ನೇ ತಿಂದು ವಿಷವನ್ನು ಮೈಯಲ್ಲಿ ಸಂಗ್ರಹಿಸುತ್ತದೆ. ಪಚ್ಚಿಲೆಗೆ ಏನೂ ಆಗುವುದಿಲ್ಲ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ. ತಿಂದವರಿಗೆ ಸ್ವಲ್ಪ ಹೊತ್ತಿನಲ್ಲೇ ತುಟಿ, ನಾಲಿಗೆ ಜುಮುಜುಮು ಎನ್ನುತ್ತದೆ, ಆಮೇಲೆ ಬೆರಳುಗಳು ಮರಗಟ್ಟುತ್ತವೆ. ವಿಷ ಹೆಚ್ಚಾಗಿದ್ದರೆ ಉಸಿರಾಟದ ಸ್ನಾಯುಗಳೇ ನಿಂತುಹೋಗುತ್ತವೆ. ಇದಕ್ಕೆ ಪ್ರತ್ಯೇಕ ಮದ್ದಿಲ್ಲ. ವಿಷ ಇಳಿಯುವವರೆಗೆ ಉಸಿರಾಟಕ್ಕೆ ಯಂತ್ರದ ಆಸರೆ ಕೊಡಬೇಕು, ಅಷ್ಟೇ. ಕುದಿಸಿದರೆ, ಹುರಿದರೆ, ಫ್ರೀಜ್ ಮಾಡಿದರೆ ಈ ವಿಷ ಹೋಗುವುದಿಲ್ಲ.

ಇದು ದೂರದ ದೇಶದ ಕಥೆಯಲ್ಲ. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಂಜಂನಲ್ಲಿ ಕಂದು ಪಚ್ಚಿಲೆ ತಿಂದು ಏಳು ಜನ ಸತ್ತರು, ಐನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದಕ್ಕೂ ಮುಂಚೆ, 1983ರ ಏಪ್ರಿಲಿನಲ್ಲಿ, ಮಂಗಳೂರಿಗೆ ಹತ್ತಿರದ ಕುಂಬಳೆಯ ಅಳಿವೆಯ ಚಿಪ್ಪು ತಿಂದವರು ಇದೇ ರೀತಿ ಆಸ್ಪತ್ರೆಗೆ ಹೋದರು, ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಂಶೋಧಕರು ಅದನ್ನು ದಾಖಲಿಸಿದ್ದಾರೆ. 1987ರಲ್ಲಿ ಕೆನಡಾದಲ್ಲಿ ಇನ್ನೊಂದು ಬಗೆಯ ಪಾಚಿಯ ವಿಷ ಸೇರಿದ ಪಚ್ಚಿಲೆ ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಅವರಲ್ಲಿ ಕೆಲವರಿಗೆ ನೆನಪಿನ ಶಕ್ತಿಯೇ ಹೋಯಿತು.

ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಅವರದು ಒಂದೇ ನಿಯಮ: "ಮಳಿ ಬಿದ್ ಮೇಲೆ ತಿಂಬುಕಾಗ ಮಗ. ಹೊಳಿ ನೀರ್ ಕೆಂಪಾಯ್ತ್ ಅಂದ್ರೆ ಮುಗೀತ್." ಈ ನಿಯಮಕ್ಕೆ ಕಾರಣಗಳಿವೆ. ಮಳೆಗಾಲದಲ್ಲಿ ಕಡಲಿಗೆ ಇಳಿಯುವುದು ಪ್ರಾಣಕ್ಕೆ ಸಂಚಕಾರ. ಹೊಳೆ ಮೇಲಿನಿಂದ ಊರಿನ ಕೊಳೆಯನ್ನೆಲ್ಲ ತಂದು ಅಳಿವೆಗೆ ಸುರಿಯುತ್ತದೆ. ನಮ್ಮ ಕರಾವಳಿಯಲ್ಲಿ ಪಚ್ಚಿಲೆ ಮರಿ ಬಿಡುವುದೂ ಹೆಚ್ಚಾಗಿ ಆ ತಿಂಗಳುಗಳಲ್ಲೇ, ಆಗ ತಿರುಳು ಸೊರಗಿರುತ್ತದೆ. ಆದರೆ ಮೇಲಿನ ತಿಂಗಳುಗಳನ್ನು ಮತ್ತೊಮ್ಮೆ ನೋಡಿ. ಕುಂಬಳೆಯದು ಏಪ್ರಿಲ್. ಅಮ್ಮನ ಲೆಕ್ಕದಲ್ಲಿ ಅದು ಪಚ್ಚಿಲೆ ತಿನ್ನಲು ಒಳ್ಳೆಯ ಕಾಲ. ಹಿರಿಯರ ನಿಯಮ ಹಲವು ಅಪಾಯ ತಪ್ಪಿಸುತ್ತದೆ, ಇದೊಂದನ್ನು ತಪ್ಪಿಸಲಾರದು. ಇದಕ್ಕೆ ಪ್ರಯೋಗಾಲಯವೇ ಬೇಕು.

ಹಾಗಾದರೆ ಬೇರೆ ಕಡೆ ಜನ ತಟ್ಟೆ ತುಂಬ ತಿನ್ನುವುದು ಹೇಗೆ? ಅವರು ಚಿಪ್ಪಿಗಿಂತ ಮೊದಲು ನೀರನ್ನು ಪರೀಕ್ಷಿಸುತ್ತಾರೆ. ಯುರೋಪಿನಲ್ಲಿ ಚಿಪ್ಪು ಬೆಳೆಯುವ ನೀರಿಗೆ ಎ, ಬಿ, ಸಿ ಎಂಬ ದರ್ಜೆಗಳಿವೆ. ಎ ದರ್ಜೆಯ ನೀರಿನದ್ದು ನೇರ ಮಾರುಕಟ್ಟೆಗೆ ಹೋಗಬಹುದು. ಬಿ ದರ್ಜೆಯದ್ದನ್ನು ಸಾಮಾನ್ಯವಾಗಿ ಶುದ್ಧ ಸಮುದ್ರ ನೀರಿನ ತೊಟ್ಟಿಯಲ್ಲಿ ಇಟ್ಟು, ಹೊಟ್ಟೆಯ ಕೊಳೆಯನ್ನು ಅದೇ ಹೊರಹಾಕುವಂತೆ ಮಾಡಿ, ಆಮೇಲೆ ಮಾರಬೇಕು. ತೊಟ್ಟಿಯಿಂದ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಪಾಚಿ ವಿಷಕ್ಕೆ ಅದನ್ನು ನಂಬುವಂತಿಲ್ಲ. ಅದಕ್ಕಾಗಿ ಬೇರೆ ಪರೀಕ್ಷೆ: ಅಂತಾರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಒಂದು ಕಿಲೋ ತಿರುಳಿನಲ್ಲಿ 0.8 ಮಿಲಿಗ್ರಾಂಗಿಂತ ಹೆಚ್ಚು ಸ್ಯಾಕ್ಸಿಟಾಕ್ಸಿನ್ ಇರಬಾರದು. ಮಿತಿ ಮೀರಿದರೆ ಆ ಜಾಗವನ್ನೇ ಮುಚ್ಚುತ್ತಾರೆ. ಅಮೆರಿಕದಲ್ಲಿ ಜೀವಂತ ಚಿಪ್ಪಿನ ಚೀಲಕ್ಕೆ ಎಲ್ಲಿ, ಯಾವ ದಿನ ಕಿತ್ತದ್ದು ಎಂಬ ಚೀಟಿ ಕಡ್ಡಾಯ. ಚೀಲ ಖಾಲಿಯಾದ ಮೇಲೂ ಹೋಟೆಲಿನವರು ಆ ಚೀಟಿಯನ್ನು 90 ದಿನ ಇಟ್ಟುಕೊಳ್ಳಬೇಕು. ಯಾರಿಗಾದರೂ ಕಾಯಿಲೆ ಬಂದರೆ ಯಾವ ನೀರು ಎಂದು ಹಿಂದೆ ಹೋಗಿ ಹುಡುಕಲು.

ನಮ್ಮಲ್ಲಿ ತಿಳಿವಳಿಕೆ ಇಲ್ಲವೆಂದೇನೂ ಅಲ್ಲ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1970ರ ದಶಕದಿಂದಲೇ ಪಚ್ಚಿಲೆ ಸಾಕಣೆಯ ಪ್ರಯೋಗ ಮಾಡುತ್ತ ಬಂದಿದೆ. ಕಾಸರಗೋಡಿನ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ 1990ರ ದಶಕದ ನಡುವಿನಿಂದ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳು ಅದನ್ನು ಕೈಗೆತ್ತಿಕೊಂಡು ನಿಜವಾದ ಕಸುಬು ಮಾಡಿಕೊಂಡವು. ವಿಧಾನ ಬಹಳ ಸರಳ. ನೀರಿನಲ್ಲಿ ಬಿದಿರಿನ ಚಪ್ಪರ ಕಟ್ಟುತ್ತಾರೆ. ಬಂಡೆಯಿಂದ ತಂದ ಮರಿ ಪಚ್ಚಿಲೆಯನ್ನು ಹಗ್ಗದ ಸುತ್ತ ಇಟ್ಟು, ಸೊಳ್ಳೆಪರದೆಯಂಥ ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ಕೆಲವು ದಿನದಲ್ಲಿ ಬಟ್ಟೆ ಕೊಳೆತು ಉದುರುತ್ತದೆ, ಅಷ್ಟರೊಳಗೆ ಮರಿಗಳು ನಾರು ಹೊರಡಿಸಿ ಹಗ್ಗ ಹಿಡಿದಿರುತ್ತವೆ. ಮಳೆಗಾಲ ಮುಗಿದು ನೀರು ಉಪ್ಪಾದ ಮೇಲೆ ಕಟ್ಟಿದರೆ ಐದಾರು ತಿಂಗಳಲ್ಲಿ ಕೊಯ್ಲು. ಮೇವು ಹಾಕಬೇಕಿಲ್ಲ, ಗೊಬ್ಬರ ಬೇಡ, ನೀರೇ ಊಟ. ಮಳೆ ಬೇಗ ಬಂದು ನೀರು ಸಿಹಿಯಾದರೆ ಮಾತ್ರ ಇಡೀ ಬೆಳೆ ಸಾಯುತ್ತದೆ. ಮರಿ ಸಿಗದಿದ್ದರೂ ಕಷ್ಟ. ನಮ್ಮ ಕರ್ನಾಟಕದ ಅಳಿವೆಗಳಲ್ಲೂ ಇದರ ಪ್ರಯೋಗಗಳು ನಡೆದಿವೆ.

ಕೊಲ್ಲಂನ ಅಷ್ಟಮುಡಿ ಸರೋವರದ ಮರುವಾಯಿಯದ್ದೂ ಹೇಳಬೇಕು. ಅಲ್ಲಿನ ಬೆಳೆ ಕುಸಿದಾಗ ಮೀನುಗಾರರೇ ಸೇರಿ ಚಿಕ್ಕದನ್ನು ಹಿಡಿಯಬಾರದು, ಮರಿ ಬಿಡುವ ತಿಂಗಳುಗಳಲ್ಲಿ ಹಿಡಿಯಬಾರದು ಎಂಬ ನಿಯಮಕ್ಕೆ ಒಪ್ಪಿದರು. 2014ರಲ್ಲಿ ಅದಕ್ಕೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಸಿಕ್ಕಿತು. ಭಾರತದ ಯಾವುದೇ ಮೀನುಗಾರಿಕೆಗೆ ಅದು ಮೊದಲನೆಯದು. ಅಂದರೆ ಎಲ್ಲಿಂದ ಬಂತು, ಹೇಗೆ ಹಿಡಿದದ್ದು ಎಂದು ಹೇಳುವ ವ್ಯವಸ್ಥೆಯನ್ನು ನಮ್ಮ ಜನವೇ ಕಟ್ಟಬಲ್ಲರು. ಹೊರದೇಶದ ಗಿರಾಕಿ ಕೇಳುತ್ತಾನೆ, ಅವನಿಗೆ ಕಾಗದ ಹೋಗುತ್ತದೆ. ನಮ್ಮ ಭಾನುವಾರದ ಬುಟ್ಟಿಯಲ್ಲಿ ಅಂಥ ಚೀಟಿ ನಾನು ಕಂಡಿಲ್ಲ. ನಾವು ದರ ಕೇಳುತ್ತೇವೆ, ನೀರು ಕೇಳುವುದಿಲ್ಲ.

ಮುಂದಿನ ಭಾನುವಾರ ಕೇಳಿದೆ. "ಮಾವಶಿ, ಇದು ಎಲ್ಲಿಯದು?" ಮೀನಿನ ಮಾವಶಿ ನನ್ನನ್ನು ಒಮ್ಮೆ ನೋಡಿ, "ರತ್ನಾಗಿರಿ" ಎಂದಳು. ಯಾವಾಗ ಕಿತ್ತದ್ದು ಎಂದೆ. ನಿನ್ನೆ ರಾತ್ರಿಯ ಗಾಡಿಯಲ್ಲಿ ಬಂತು ಎಂದಳು. ಪಕ್ಕದ ಬುಟ್ಟಿಯದು? ಅದು ಇಲ್ಲಿಯದೇ, ಖಾಡಿಯದು, ದರ ಕಡಿಮೆ, ನೀನು ಅದನ್ನು ಒಯ್ಯಬೇಡ ಎಂದು ತಾನಾಗಿಯೇ ಹೇಳಿದಳು. ಕೇಳುವವರೆಗೆ ಅವಳು ಯಾಕೆ ಹೇಳಬೇಕು? ಇಡೀ ನಗರದ ಕೊಳಚೆ, ಕಾರ್ಖಾನೆಗಳ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವಳ ಮಾತು ಪ್ರಯೋಗಾಲಯದ ವರದಿಯಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಈಗ ನಮ್ಮ ಮನೆಯ ಕ್ರಮ ಹೀಗಿದೆ. ಮಹಾನಗರದ ಖಾಡಿಯದ್ದು, ಬಂದರಿನ ಬದಿಯದ್ದು ಬೇಡ. ಮಳೆಗಾಲದಲ್ಲಿ ಬೇಡ. ಸಮುದ್ರದ ಬಣ್ಣ ಬದಲಾಗಿದೆ, ಮೀನು ಸತ್ತು ದಡಕ್ಕೆ ಬಂದಿದೆ ಎಂಬ ಸುದ್ದಿ ಆ ಕಡೆಯಿಂದ ಬಂದರೆ ಕೆಲವು ವಾರ ಬೇಡ. ಬಣ್ಣ ಬದಲಾಗದೆಯೂ ವಿಷ ಇರಬಹುದು, ಅದು ನೆನಪಿರಲಿ. ಸಾಕಣೆಯದ್ದು, ಮೂಲ ಹೇಳುವ ಪ್ಯಾಕೆಟ್ಟಿನದ್ದು ಸಿಕ್ಕರೆ ಅದಕ್ಕೇ ಮೊದಲ ಆದ್ಯತೆ. ಒಂದು ಸಲಕ್ಕೆ ಸ್ವಲ್ಪವೇ. ಸಿಗಡಿ, ಏಡಿ ಆಗಿಬರದವರು ಇದರಲ್ಲೂ ಹುಷಾರಾಗಿರಬೇಕು. ತಿಂದ ಮೇಲೆ ತುಟಿ ಜುಮುಗುಟ್ಟಿದರೆ ಮಲಗಿ ನೋಡೋಣ ಎನ್ನದೆ ನೇರ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಎಂದು ಮೊದಲು ಹೇಳಬೇಕು.

ಮಗಳ ವಿಷಯಕ್ಕೆ ಬಂದರೆ, ಹೆಂಡತಿಯೂ ನಾನೂ ಕೂತು ಮಾತಾಡಿದೆವು. ಚಿಕ್ಕ ಮೈಗೆ ಸ್ವಲ್ಪ ವಿಷವೂ ಹೆಚ್ಚು. ಕುಂಬಳೆಯಲ್ಲಿ ತೀರಿಕೊಂಡವನು ಹುಡುಗ ಎಂಬುದು ನನ್ನ ತಲೆಯಿಂದ ಹೋಗಲಿಲ್ಲ. ಹಾಗಾಗಿ ಮುಂಬೈಯ ಬುಟ್ಟಿಯದ್ದು ಅವಳಿಗೆ ಸದ್ಯಕ್ಕಿಲ್ಲ. ಪರೀಕ್ಷೆಯಾದದ್ದು, ಮೂಲ ಗೊತ್ತಿರುವುದು ಸಿಕ್ಕಾಗ ಕೊಡೋಣ ಎಂದಾಯಿತು. ಮಗಳಿಗೆ ಇದು ಅನ್ಯಾಯ ಎನಿಸಿದೆ. ಚಿಪ್ಪು ತಿಕ್ಕುವ ಕೆಲಸಕ್ಕೆ ನಾನು ಬೇಕು, ತಿನ್ನಲು ಬೇಡವೇ ಎಂದು ಕೇಳುತ್ತಾಳೆ. ಅವಳ ಮಾತಲ್ಲೂ ನ್ಯಾಯವಿದೆ.

ತಿನ್ನುವವರಿಗಾಗಿ ನಮ್ಮ ಮನೆಯ ಸುಕ್ಕ. ಹಸಿ ಚಿಪ್ಪು ಬಾಯಿ ತೆರೆದಿದ್ದರೆ ಬೆರಳಲ್ಲಿ ತಟ್ಟಿ. ಮುಚ್ಚಿಕೊಂಡರೆ ಜೀವ ಇದೆ, ಮುಚ್ಚದಿದ್ದರೆ ಎಸೆಯಿರಿ. ಒಡೆದದ್ದೂ ಬೇಡ. ಚಿಪ್ಪು ಕೆರೆದು ತೊಳೆದು, ಗಡ್ಡ ಎಳೆದು ತೆಗೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಲೋಟ ನೀರಿಗೆ ಹಾಕಿ ಮುಚ್ಚಿ ಬೇಯಿಸಿ. ಎಲ್ಲ ಬಾಯಿ ಬಿಟ್ಟ ಮೇಲೂ ಮೂರ್ನಾಲ್ಕು ನಿಮಿಷ ಬೇಯಲಿ. ಬಾಯಿ ಬಿಡದ್ದನ್ನು ನಾವು ಎಸೆಯುತ್ತೇವೆ. ತಿರುಳು ಬಿಡಿಸಿಕೊಂಡು, ಬೆಂದ ನೀರನ್ನು ಬಟ್ಟೆಯಲ್ಲಿ ಸೋಸಿ ಇಡಿ. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ನಾಲ್ಕು ಕಾಳು ಮೆಂತ್ಯ ಹುರಿದು ಹುಣಸೆಹುಳಿಯೊಂದಿಗೆ ರುಬ್ಬಿ. ತೆಂಗಿನತುರಿ, ಬೆಳ್ಳುಳ್ಳಿ, ಅರಿಸಿನ ಬೇರೆಯಾಗಿ ತರಿತರಿ ತಿರುಗಿಸಿ. ಕೊಬ್ಬರಿ ಎಣ್ಣೆಯಲ್ಲಿ ನೀರುಳ್ಳಿ ಕೆಂಪಾದ ಮೇಲೆ ಮಸಾಲೆ, ಸೋಸಿದ ನೀರು, ತಿರುಳು, ಕೊನೆಗೆ ತೆಂಗಿನಕಾಯಿ. ಉಪ್ಪು ರುಚಿ ನೋಡಿ ಹಾಕಿ, ಆ ನೀರಿನಲ್ಲಿ ಸಮುದ್ರದ ಉಪ್ಪು ಆಗಲೇ ಇರುತ್ತದೆ.

ಒಂದು ಕೋರಿಕೆ. ನಿಮ್ಮ ನಗರದ ಮೀನು ಮಾರುಕಟ್ಟೆಯಲ್ಲಿ ಈ ತಿಂಗಳು ಒಮ್ಮೆ ದರಕ್ಕೆ ಮುಂಚೆ 'ಎಲ್ಲಿಯದು' ಎಂದು ಕೇಳಿ ನೋಡಿ. ಏನು ಉತ್ತರ ಬಂತು, ನಿಮ್ಮೂರಿನಲ್ಲಿ ಇದಕ್ಕೆ ಇನ್ನಾವ ಹೆಸರಿದೆ ಎಂದು ಸಂಪಾದಕರ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಹತ್ತು ಜನ ಕೇಳಿದರೆ ಮಾವಶಿ ಬುಟ್ಟಿಗೆ ತಾನೇ ಊರಿನ ಹೆಸರು ಬರೆದಿಡುತ್ತಾಳೆ.